ಸುತ್ತಿಗೆಯ ಕೈ

"ಎಲ್ಲಿ ಬಿದ್ರಿ?"

ಫೋನಿನಲ್ಲಿ ಹೆಂಡತಿಯ ದನಿ ಕೇಳಿ ಬಡಗಿ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. ಅವನು ಎಲ್ಲೂ ಬಿದ್ದಿರಲಿಲ್ಲ. ಬೀರುವಿನ ಬೆನ್ನಿಗೆ ಹಲಗೆ ಬಡಿಯುತ್ತಿದ್ದ, ಅಷ್ಟೇ.

ಎಡವಟ್ಟು ಸ್ಮಾರ್ಟ್‌ವಾಚಿನದು. ಒಂಟಿಯಾಗಿರುವವರಿಗೆ ಒಳ್ಳೆಯದೆಂದು ಅಂಗಡಿಯವನು ಕಟ್ಟಿ ಕಳಿಸಿದ್ದ. ಅದು ಹೆಜ್ಜೆ ಎಣಿಸುತ್ತಿತ್ತು, ನಾಡಿ ನೋಡುತ್ತಿತ್ತು, ನಿದ್ದೆ ಸಾಲದೆಂದು ಬೆಳಿಗ್ಗೆ ಎದ್ದೊಡನೆ ಗೊಣಗುತ್ತಿತ್ತು. ಆ ಮಟ್ಟಿಗೆ ಮನೆಯಲ್ಲಿ ಇನ್ನೊಬ್ಬರು ಇದ್ದಂತಾಗಿತ್ತು. ಕಟ್ಟಿಕೊಂಡವನು ಬಿದ್ದನೆಂದು ಅನುಮಾನ ಬಂದರೆ ಗುಯ್‌ಗುಟ್ಟಿ ವಿಚಾರಿಸುತ್ತಿತ್ತು. ನಿಮಿಷದೊಳಗೆ ಉತ್ತರವಿಲ್ಲದಿದ್ದರೆ ಹತ್ತಿರದವರಿಗೆ ಸುದ್ದಿ ಮುಟ್ಟಿಸುತ್ತಿತ್ತು. "ಹತ್ತಿರದವರ ನಂಬರ್ ಹೇಳಿ" ಎಂದು ಅಂಗಡಿಯವನು ಕೇಳಿದಾಗ ಬಡಗಿಯ ಬಾಯಿಗೆ ಬಂದದ್ದು ಒಂದೇ ನಂಬರು, ಹೆಂಡತಿಯದು. "ನಿಮ್ ಜೊತೆ ಮಾತಾಡೋದೂ ಒಂದೇ, ನೀವು ಮಾಡೋ ಬೀರು ಜೊತೆ ಮಾತಾಡೋದೂ ಒಂದೇ" ಎಂದು ಎರಡು ವರ್ಷದ ಹಿಂದೆ ತನ್ನ ತಂಗಿಯ ಮನೆ ಸೇರಿದವಳದ್ದು.

ಮೊದಲ ಸಲ ಸುದ್ದಿ ಹೋದಾಗ ಸುತ್ತಿಗೆಯ ಸದ್ದಿನಲ್ಲಿ ವಾಚಿನ ವಿಚಾರಣೆ ಅವನಿಗೆ ಕೇಳಿಸಿರಲಿಲ್ಲ. ಎರಡನೆಯ ಸಲ ಕೇಳಿಸಿತ್ತು. ಇವತ್ತೂ ಕೇಳಿಸಿತ್ತು.

"ವಾರಕ್ಕೆ ಮೂರು ಸಲ ಬೀಳೋಕೆ ನೀವೇನು ಅಂಬೆಗಾಲಿನ ಕೂಸಾ? ಬಸ್ ಹತ್ತಿಬಿಟ್ಟಿದೀನಿ ನಾನು!"

"ಬರ್ತಿದೀಯಾ?"

"ಬರ್ತಿದ್ದೆ. ಗಟ್ಟಿಮುಟ್ಟಾಗಿದೀರಲ್ಲ, ಮುಂದಿನ ಸ್ಟಾಪಲ್ಲಿ ಇಳ್ಕೋತೀನಿ. ವಾಚ್ ಯಾವ ಕೈಗೆ ಕಟ್ಟಿದೀರಿ?"

"ಎಡಗೈಗೆ. ಎಲ್ಲರ ಹಾಗೆ."

"ಎಲ್ಲರೂ ಎಡಗೈಲಿ ಸುತ್ತಿಗೆ ಬೀಸ್ತಾರಾ? ಎಡಚ ಅಂತ ಅದಕ್ಕೇನು ಕನಸು ಬಿದ್ದಿರತ್ತಾ? ನೀವು ಮೊಳೆ ಹೊಡೆದ್ರೆ ಬಿದ್ರಿ ಅನ್ಕೊಳ್ತಿದೆ, ಪಾಪ. ಬಲಗೈಗೆ ಕಟ್ಟಿ. ಈಗ್ಲೇ. ಲೈನಲ್ಲೇ ಇರ್ತೀನಿ."

ಅವನು ಫೋನನ್ನು ಬೀರುವಿನ ಮೇಲಿಟ್ಟು ವಾಚು ಬಿಚ್ಚಿದ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಬಹಳ ಹೊತ್ತು ಹಿಡಿಯಿತು.

"ಆಯ್ತಾ?"

"ಹ್ಞೂಂ."

"ಹೊಡೀರಿ ನೋಡೋಣ."

ಹೊಡೆದ. ವಾಚು ತೆಪ್ಪಗಿತ್ತು.

"ಏನಾದ್ರೂ ಸದ್ದು ಮಾಡ್ತಾ?"

"ಇಲ್ಲ."

ಫೋನಿನಲ್ಲಿ ಬಸ್ಸಿನ ಗುರುಗುರು ನಿಂತು, ಬೀದಿಯ ಗದ್ದಲ ಕೇಳಿಸಿತು. ಇಳಿದಿದ್ದಳು. ಇನ್ನು ಕಟ್ ಮಾಡುತ್ತಾಳೆಂದು ಬಡಗಿ ಕಾದ.

"ಇನ್ನೊಂದ್ಸಲ ಹೊಡೀರಿ," ಎಂದಳು.

ಹಲಗೆಗೆ ಬೇಕಿದ್ದದ್ದು ನಾಲ್ಕು ಮೊಳೆ. ನಾಲ್ಕೂ ಆಗಿದ್ದವು. ಬಡಗಿ ಐದನೆಯದನ್ನು ಬೆರಳಲ್ಲಿ ನೆಟ್ಟಗೆ ಹಿಡಿದು, ಸುತ್ತಿಗೆ ಎತ್ತಿ, ಮೆಲ್ಲಗೆ ಬಡಿಯತೊಡಗಿದ.