ಅಡುಗೆಮನೆಯ ಕೆಳಗಿನ ಎಂಟು ಅಡಿ

ನೆಲಕ್ಕೆ ಹಚ್ಚುವ ಮೇಣದ ವಾಸನೆ ಎಂದರೆ ನನಗೆ ಅಪ್ಪ. ಅಮೆರಿಕದ ಟೊಲೀಡೊ ಊರಿನ ಕೋರ್ಟು ಕಟ್ಟಡದ ದಾಖಲೆ ಕೋಣೆಯನ್ನು ಅವರು ಇಪ್ಪತ್ತೆರಡು ವರ್ಷ ಗುಡಿಸಿ ಒರೆಸಿದರು. ಅದೇ ಕೋಣೆಯ ಪುಸ್ತಕಗಳನ್ನು ಓದಿ, ಮಾರಾಟದ ಮನೆಗಳ ಟೈಟಲ್, ಅಂದರೆ ಒಡೆತನದ ಹಕ್ಕು, ಕ್ಲಿಯರ್ ಇದೆಯೇ ಎಂದು ಹೇಳುವುದು ನನ್ನ ಕೆಲಸವಾಯಿತು.

ಹಾಗೆ ನಾನು ಕಾಗದ ನೋಡಿಕೊಟ್ಟವರಲ್ಲಿ ವರ್ಲೀನ್ ಒಬ್ಬಳು; ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವವಳು. ಅವಳ ಮನೆತನದಲ್ಲಿ ಸ್ವಂತ ಮನೆ ಕೊಂಡವರಲ್ಲಿ ಅವಳೇ ಮೊದಲು. ಸಾಲ ಕೊಡುವ ಬ್ಯಾಂಕಿಗೆ ಟೈಟಲ್ ವಿಮೆ ಬೇಕೇ ಬೇಕು. ಕೊಳ್ಳುವವರಿಗೆ ಅದು ಅವರಿಷ್ಟ. ಒಮ್ಮೆ ದುಡ್ಡು ಕಟ್ಟಿದರೆ, ಮನೆ ನಮ್ಮದಾಗಿರುವವರೆಗೂ ಹಿಂದಿನವರ ಬಾಕಿ, ತಕರಾರುಗಳಿಂದ ಕಾಯುತ್ತದೆ ಎಂದು ನಾನೇ ಒತ್ತಾಯಿಸಿ ಅವಳ ಹೆಸರಿಗೂ ಮಾಡಿಸಿದ್ದೆ.

ಎರಡು ವರ್ಷದ ಮೇಲೆ ಅವಳು ಒಂದು ನೋಟೀಸು ಹಿಡಿದು ನಮ್ಮ ಆಫೀಸಿಗೆ ಬಂದಳು. ಹಿಂದಿನ ಮಾಲೀಕ ಆರು ವರ್ಷ ತೆರಿಗೆ ಕಟ್ಟಿರಲಿಲ್ಲ. ಆ ಬಾಕಿಗಾಗಿ ಮನೆಯ ಒಂದು ಬದಿಯ ಎಂಟು ಅಡಿ ಅಗಲದ ಜಾಗ ಹರಾಜಿಗೆ ಬಂದಿತ್ತು.

"ಆ ಎಂಟು ಅಡಿ ಮೇಲೇ ನನ್ನ ಅಡುಗೆಮನೆ ಇರೋದು, ಮಿಸ್ ಎಸ್ಟೆಲ್! ಒಲೆ ಒಬ್ಬರಿಗೆ, ಫ್ರಿಜ್ಜು ಒಬ್ಬರಿಗೆ ಅಂತ ಹರಾಜು ಹಾಕ್ತಾರಾ?"

ಕಡತ ತೆಗೆದೆ. ಮನೆ ನಿಂತಿದ್ದು ಎರಡು ನಿವೇಶನಗಳ ಮೇಲೆ; ಆ ಎಂಟು ಅಡಿಯೇ ಎರಡನೆಯದು. ವಿಮೆಯಲ್ಲಿ ಎರಡೂ ಇದ್ದವು. ನಾನು ತೆರಿಗೆ ನೋಡಿದ್ದು ಮಾತ್ರ ಮೊದಲನೆಯದರದ್ದು. ಅವಳ ಎದುರಿಗೇ ವಿಮಾ ಕಂಪನಿಗೆ ಫೋನ್ ಮಾಡಿದೆ.

"ಬಾಕಿ ಇರೋದು ಆಕೆಗೆ ಮೊದಲೇ ಗೊತ್ತಿತ್ತೇನೋ?" ಎಂದ ಆ ಕಡೆಯವನು. "ಗೊತ್ತಿದ್ದೂ ಮುಚ್ಚಿಟ್ಟಿದ್ರೆ ನಾವು ಕೊಡೋ ಹಾಗಿಲ್ಲ."

"ಮೂವತ್ತೊಂದು ವರ್ಷದಿಂದ ಇದನ್ನೇ ಓದ್ತಿರೋ ನನಗೇ ಕಾಣ್ಲಿಲ್ಲ. ಅವಳಿಗೆ ಹೇಗಪ್ಪಾ ಗೊತ್ತಿರುತ್ತೆ? ತಪ್ಪು ನಂದು. ನನ್ನ ಹೆಸರು ಹಾಕಿ ಬರ್ಕೋ."

ನಮ್ಮ ಆಫೀಸಿನ ಮಾಲೀಕ ಸ್ಟಾನ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಬೈಯಲಿಲ್ಲ. ನನ್ನ ತಣ್ಣಗಾದ ಕಾಫಿ ಚೆಲ್ಲಿ, ಬಿಸಿಯದನ್ನು ತಂದಿಟ್ಟು ಹೋದ.

ಮೂರು ವಾರದೊಳಗೆ ಕಂಪನಿ ಬಡ್ಡಿ ದಂಡ ಸಮೇತ ಬಾಕಿ ತೀರಿಸಿತು, ಹರಾಜು ನಿಂತಿತು. ರಸೀದಿ ತರಲು ನಾನೂ ಅವಳ ಜೊತೆ ತೆರಿಗೆ ಕಚೇರಿಗೆ ಹೋದೆ.

"ಮಾಲೀಕರು ಯಾರು?" ಕಿಟಕಿಯ ಹಿಂದಿದ್ದ ಹೆಂಗಸು ತಲೆ ಎತ್ತದೆ ಕೇಳಿದಳು.

"ನಾನೇ!" ವರ್ಲೀನ್ ಕೂಗಿಯೇ ಹೇಳಿದಳು.

ಇಡೀ ಸಾಲು ತಿರುಗಿ ನೋಡಿತು. ಹಿಂದಿದ್ದ ಮುದುಕನೊಬ್ಬ, "ಕೇಳಿಸ್ತಮ್ಮಾ, ಕೇಳಿಸ್ತು," ಎಂದು ನಕ್ಕು ಟೋಪಿ ತೆಗೆದ. ನನ್ನ ಎದೆಯೂ ಉಬ್ಬಿತು.

ಭಾನುವಾರ ಚರ್ಚು ಮುಗಿದ ಮೇಲೆ ವರ್ಲೀನ್ ನಮ್ಮ ಮನೆಯ ಮೆಟ್ಟಿಲ ಬಳಿ ನಿಂತಿದ್ದಳು. ಕೈಯಲ್ಲಿ ಮುಚ್ಚಿದ ತಟ್ಟೆ: ಹುರಿದ ಕೋಳಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು. ಬಿಸಿ ತಾಗದಂತೆ ತಟ್ಟೆಯ ಅಡಿಯ ಬಟ್ಟೆಯನ್ನು ಸರಿಪಡಿಸಿ, ನನ್ನ ಎರಡೂ ಕೈಗಳಲ್ಲಿಟ್ಟಳು.