ನೆರಳಿಗೆ ಇಟ್ಟ ಬಣ್ಣ

ಅತ್ತೆಯ ಬ್ಯೂಟಿ ಪಾರ್ಲರಿನಲ್ಲಿ ಮೇಕಪ್ ಕುರ್ಚಿ ಇದ್ದದ್ದು ಬೀದಿಗೆ ಕಾಣುವ ಗಾಜಿನ ಪಕ್ಕ. ತಲೆ ತೊಳೆಯುವ ಕುರ್ಚಿ ಹಿಂದಿನ ಕೋಣೆಯಲ್ಲಿ, ಗೀಸರಿನ ಕೆಳಗೆ. ತಮ್ಮ ಅಣ್ಣನ ಮಗಳನ್ನು ಅತ್ತೆ ಕೆಲಸಕ್ಕೆ ಸೇರಿಸಿಕೊಂಡಾಗಿನಿಂದ ಹಿಂದಿನ ಕೋಣೆಯಲ್ಲೇ ಇಟ್ಟಿದ್ದರು. ಅವಳ ಕೈ ಚೆನ್ನಾಗಿರಲಿಲ್ಲ ಅಂತಲ್ಲ. ಸ್ವಂತ ಹುಬ್ಬು ತಿದ್ದಿಸಿಕೊಳ್ಳಲು ಅತ್ತೆಯೇ ಅವಳ ಮುಂದೆ ಕೂರುತ್ತಿದ್ದರು. ಅಡ್ಡಬಂದದ್ದು ಮೈಬಣ್ಣ.

"ಮುಖ ಬೆಳಗಿಸೋ ಅಂಗಡೀಲಿ ಬಾಗಿಲಿಗೇ ಇದ್ದಿಲು ಇಟ್ರೆ ಯಾರು ಒಳಗೆ ಬರ್ತಾರೆ?" ಎಂದು ಅತ್ತೆ ಒಮ್ಮೆ ನಗುತ್ತ ಅಂದಿದ್ದರು. ಅಂದಿನಿಂದ ಇದ್ದಿಲು ಎಂಬುದೇ ಅವಳ ಹೆಸರಾಯಿತು. ಮನೆಯವರೆಲ್ಲ ಅದನ್ನು ಮುದ್ದಿನ ಹೆಸರು ಅಂದುಕೊಂಡರು. ಕರೆದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಓಗೊಡುತ್ತಿದ್ದಳು. ಅದೇ ಅವಳಿಗೆ ಇನ್ನೂ ಹೆಚ್ಚು ಉರಿ.

ಅಷ್ಟರಲ್ಲಿ ಅತ್ತೆ ಹೊಸ ವ್ಯಾಪಾರಕ್ಕೆ ಕೈ ಹಾಕಿದರು. ಮುಖಕ್ಕೆ ನೆರಳು ಬೆಳಕು ಕೂರಿಸುವ ದುಬಾರಿ ಕಾಂಟೂರಿಂಗ್ ಡಬ್ಬಿಗಳ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಆ ಕೆಲಸವನ್ನೇ ಅಗ್ಗದ ಫೌಂಡೇಶನ್ ಸ್ಟಿಕ್ಕಿನಿಂದ ಮಾಡಬಹುದಲ್ಲ! ಮುಖಕ್ಕೆ ನಮ್ಮ ಬಣ್ಣದ್ದೊಂದು, ಕೆನ್ನೆಯ ಮೂಳೆಯ ಕೆಳಗೆ ಅದಕ್ಕಿಂತ ಗಾಢವಾದದ್ದೊಂದು, ಮೂಗಿನ ಉದ್ದಕ್ಕೆ ತಿಳಿಯಾದದ್ದೊಂದು. ಸ್ಪಂಜಿನಿಂದ ತಟ್ಟಿದರೆ ಮುಗಿಯಿತು. ಅತ್ತೆ ಪೆಟ್ಟಿಗೆಗಟ್ಟಲೆ ಸ್ಟಿಕ್ ತರಿಸಿ, ಶನಿವಾರ ಉಚಿತ ಪ್ರದರ್ಶನ ಎಂದು ಬಾಗಿಲಿಗೆ ಕಾಗದ ಅಂಟಿಸಿದರು.

"ನೀನೇ ಕೂತ್ಕೊಳ್ಳೇ ಇದ್ದಿಲು," ಎಂದರು. "ನಿನ್ನ ಮುಖ ಬೆಳ್ಳಗಾದ್ರೆ ಯಾರದ್ದಾದ್ರೂ ಆಗುತ್ತೆ ಅಂತ ಜನ ನಂಬ್ತಾರೆ. ಸೋಮವಾರದಿಂದ ಮುಂದಿನ ಕುರ್ಚಿ ನಿಂದೇ, ಆಯ್ತಾ?"

ಅವಳು ಆ ಮಾತನ್ನೂ ನುಂಗಿಕೊಂಡು ಒಪ್ಪಿದಳು. ಆ ಕುರ್ಚಿಯ ಹಿಂದೆ ನಿಂತು ಕೆಲಸ ಮಾಡುವ ಆಸೆ ಅಷ್ಟಿತ್ತು.

ಶನಿವಾರ ಪಾರ್ಲರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆಗೆ ಜನ ಸೇರಿದರೆ ಮಾತು ಕಟ್ಟೆಯೊಡೆಯುತ್ತದೆ. ಕಣ್ಣು ಜನರ ಕಡೆ, ಕೈ ಅಣ್ಣನ ಮಗಳ ಮುಖದ ಕಡೆ. ಎಡಗೆನ್ನೆಗೆ ಹಾಲುಬಣ್ಣದ ಸ್ಟಿಕ್ ತಿಕ್ಕಿ ಸ್ಪಂಜಿನಿಂದ ತಟ್ಟಿದರು. ಆ ಅರ್ಧ ಮುಖ ಸುಣ್ಣ ಬಳಿದ ಗೋಡೆಯಾಯಿತು. ಆಮೇಲೆ ಮಾತಿನ ಭರದಲ್ಲಿ ಯಾವ ಪಕ್ಕ ಎಂಬುದೇ ಮರೆತುಹೋಗಿ, ಎಲ್ಲಕ್ಕಿಂತ ಗಾಢವಾದ ಸ್ಟಿಕ್ ಎತ್ತಿ, ಇನ್ನೂ ಏನೂ ಹಚ್ಚದ ಬಲಗೆನ್ನೆಗೆ ಉದ್ದಕ್ಕೆ ಎಳೆದುಬಿಟ್ಟರು.

"ನೋಡಿ, ಈ ಗೆರೆ ನೋಡಿ!" ಎಂದರು.

"ಗೆರೆ ಎಲ್ಲಿದೆ?" ಎಂದಳು ಮುಂದೆ ಕೂತಿದ್ದ ಟೈಲರಮ್ಮ. ಅವಳಿಗೆ ನಿಜಕ್ಕೂ ಕಂಡಿರಲಿಲ್ಲ. ಯಾರಿಗೂ ಕಂಡಿರಲಿಲ್ಲ. ಸ್ಟಿಕ್ಕಿನ ಬಣ್ಣ ಕೆನ್ನೆಯ ಬಣ್ಣದಲ್ಲಿ ಸೇರಿ ಮಾಯವಾಗಿತ್ತು. ಹೆಂಗಸರು ಕಿಸಕ್ಕೆಂದು ನಕ್ಕರು.

ಅತ್ತೆಯ ಮುಖ ಕೆಂಪಾಯಿತು. "ಅಯ್ಯೋ, ಇದು ಮುಖಕ್ಕೆ ಹಚ್ಚೋ ಬಣ್ಣ ಅಲ್ಲಮ್ಮ! ಇದು ಬರೀ ನೆರಳಿಗೆ. ದಪ್ಪ ಮೂಗು, ಜೋಲು ಗದ್ದ, ಕಾಣಬಾರದ್ದನ್ನ ಮರೆಮಾಡೋಕೆ. ಇವಳಿಗೆ ಮೊದಲು ಪೂರ್ತಿ ಬಿಳೀದು ಬಳೀಬೇಕಿತ್ತು."

ಇದ್ದಿಲು ಕನ್ನಡಿ ನೋಡಿದಳು. ಕಾಣಬಾರದ್ದು ಅಂದರೆ ತಾನೇ. ಇಷ್ಟು ವರ್ಷ ಯಾವ ಅಂಗಡಿಗೆ ಹೋದರೂ ನಿಮ್ಮ ಬಣ್ಣದ್ದು ಬರಲ್ಲ ಎನ್ನುತ್ತಿದ್ದರು. ಬರುತ್ತಿತ್ತು, ಬೇರೆಯವರ ಮೂಗು ಸಣ್ಣ ಮಾಡಲು! ಅವಳಿಗೆ ಅಳು ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಒದ್ದೆ ಬಟ್ಟೆ ತೆಗೆದುಕೊಂಡು ಎಡಗೆನ್ನೆಯ ಬಿಳುಪನ್ನೆಲ್ಲ ಒರೆಸಿ ಹಾಕಿದಳು.

"ಕೊಡಿ ಅತ್ತೆ," ಎಂದು ಅವರ ಕೈಯಿಂದ ಸ್ಟಿಕ್ ಕಸಿದುಕೊಂಡಳು. "ಇದು ನೆರಳಲ್ಲ. ಇದು ನನ್ನ ಮುಖ."

ಹಣೆ, ಕೆನ್ನೆ, ಗದ್ದಕ್ಕೆ ಆ ಬಣ್ಣವನ್ನೇ ಎಳೆದು ಬೆರಳಿನಿಂದ ತಟ್ಟಿದಳು. ಮೊಡವೆಯ ಕಲೆ, ಕಣ್ಣಿನ ಕೆಳಗಿನ ಆಯಾಸ ಎಲ್ಲ ಮುಚ್ಚಿಹೋಗಿ, ಮುಖದ ಬಣ್ಣ ಮಾತ್ರ ಹಾಗೇ ಉಳಿಯಿತು. "ಸ್ಟಿಕ್ ಆರಿಸೋವಾಗ ನಿಮ್ಮ ದವಡೆ ಪಕ್ಕ ಇಟ್ಟು ನೋಡಿ," ಎಂದಳು ಜನರಿಗೆ. "ಪಕ್ಕದ ಮನೆಯವರ ಕೆನ್ನೆ ನೋಡಿ ಆರಿಸ್ಬೇಡಿ."

"ಹಾಗಾದ್ರೆ ನಿಂಗೆ ನೆರಳಿಗೆ ಯಾವುದಮ್ಮ?" ಎಂದಳು ಟೈಲರಮ್ಮ, ಕುರ್ಚಿ ಮುಂದಕ್ಕೆಳೆದುಕೊಂಡು.

"ನನಗೆ ನೆರಳು ಹಾಕೋ ಅಂಥದ್ದು ಈ ಪೆಟ್ಟಿಗೇಲಿ ಇಲ್ಲಕ್ಕ. ಕಂಪನಿಯವರು ಮಾಡೇ ಇಲ್ಲ. ಇರಲಿ, ಬೆಳಕಿಂದಾನೇ ಮಾಡ್ತೀನಿ." ತನಗಿಂತ ಒಂದು ಮಟ್ಟ ತಿಳಿಯಾದ ಸ್ಟಿಕ್ಕನ್ನು ಕೆನ್ನೆಯ ಮೂಳೆಯ ಮೇಲೆ, ಮೂಗಿನ ಉದ್ದಕ್ಕೆ ಮುಟ್ಟಿಸಿ ತಟ್ಟಿದಳು. ಕೆನ್ನೆ ತಾನಾಗಿ ಎದ್ದು ನಿಂತಿತು. ಯಾರೋ "ಅಬ್ಬಾ" ಎಂದರು.

ಅತ್ತೆ ಕಿವಿಯ ಹತ್ತಿರ ಬಾಗಿ ಹಲ್ಲು ಕಡಿದರು. "ಮರ್ಯಾದೆ ತೆಗೀತೀಯಾ? ಒಳಗೆ ನಡಿ. ಮುಂದಿನ ಕುರ್ಚಿ ಹಾಗಿರಲಿ, ಸೋಮವಾರದಿಂದ ಈ ಕಡೆ ತಲೆ ಹಾಕ್ಬೇಡ."

ಕೆಲಸ ಹೋದರೆ ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ. ಆದರೂ ಎದ್ದು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅತ್ತೆ ನನ್ನ ಕೆಲಸದಿಂದ ತೆಗೀತಿದಾರೆ. ತೆಗೀಲಿ, ಪಾರ್ಲರ್ ಅವರದು. ಯಾಕೆ ಅಂತ ಮಾತ್ರ ಇಲ್ಲೇ, ನಿಮ್ಮೆಲ್ಲರ ಎದುರಿಗೇ ಹೇಳ್ಬೇಕು. ಹೇಳಿ ಅತ್ತೆ. ಮನೇಲಿ ದಿನಾ ಹೇಳ್ತೀರಲ್ಲ, ಆ ಮಾತೇ ಹೇಳಿ."

ಹೆಂಗಸರೆಲ್ಲ ಅತ್ತೆಯ ಕಡೆ ತಿರುಗಿದರು. ಅವರಲ್ಲಿ ಎಷ್ಟೋ ಮಂದಿಯ ಬಣ್ಣ ಹಾಲಿನದಾಗಿರಲಿಲ್ಲ. ಅತ್ತೆ ಬಾಯಿ ತೆರೆದರು. ಊಟದ ಹೊತ್ತಿನಲ್ಲಿ, ನೆಂಟರ ನಡುವೆ, ಅಣ್ಣನ ಎದುರಿಗೇ ನಗುನಗುತ್ತ ಆಡಿದ ಮಾತನ್ನು ಈ ಗಿರಾಕಿಗಳ ಎದುರಿಗೆ ಆಡುವಂತಿರಲಿಲ್ಲ. ಸ್ಪಂಜನ್ನು ಕೆಳಗಿಟ್ಟು ಪಕ್ಕಕ್ಕೆ ಸರಿದರು.

ಅವಳು ಮುಂದಿನ ಕುರ್ಚಿಯ ಹಿಂದೆ ಹೋಗಿ ನಿಂತು, "ಬನ್ನಿ ಟೈಲರಕ್ಕ, ಕೂತ್ಕೊಳ್ಳಿ," ಎಂದಳು.