ಕೊನೆಯ ಬೋಲ್ಟ್

"ಎಲ್ಲಾನೂ ತೋರಿಸ್ಕೊಡಮ್ಮ, ಏನೂ ಮುಚ್ಚಿಡಬೇಡ," ಎಂದು ಸೂಪರ್‌ವೈಸರ್ ನಗುತ್ತಾ ಹೇಳಿದ. ಪಂಪ್ ಕಾರ್ಖಾನೆಯ ಹಳೇ ಕೆಲಸಗಾರ್ತಿ ಅವಳು, ಆ ನಗುವೇ ಅವಳಿಗೆ ಸರಿಬರಲಿಲ್ಲ. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಒಳಗೇನಿದೆಯೋ ಯಾರು ಬಲ್ಲರು!

ಅವನ ಹಿಂದೆ ತರಬೇತಿ ಕೇಂದ್ರದ ಆರು ಹುಡುಗಿಯರು ನಿಂತಿದ್ದರು. ಕೇಂದ್ರದಲ್ಲಿ ಕಲಿಸುವ ಪಂಪೇ ಬೇರೆ, ಕಾರ್ಖಾನೆ ಮಾಡುವ ಪಂಪೇ ಬೇರೆ. ಅದಕ್ಕೇ ಇನ್ನು ಪಾಠವೆಲ್ಲ ಇಲ್ಲಿ, ಅವಳ ಮೇಜಿನ ಮುಂದೆಯೇ ಎಂದು ತೀರ್ಮಾನವಾಗಿತ್ತು. ಪಂಪ್ ಜೋಡಿಸುವುದರಲ್ಲಿ ಅವಳಷ್ಟು ಕೈ ಪಳಗಿದವರು ಅಲ್ಲಿರಲಿಲ್ಲ.

ಮನೆಯಲ್ಲಿ ಓರಗಿತ್ತಿ ಬೇರೆ ಕಿವಿ ಊದಿದ್ದಳು. "ನಾನೂ ಪ್ಯಾಕಿಂಗಲ್ಲಿ ಹೀಗೇ ಕಲಿಸ್ಕೊಟ್ಟೆ. ಅವ್ರು ಕಲಿತ್ರು, ನನ್ನನ್ನ ಮನೆಗೆ ಕಳಿಸಿದ್ರು. ಹುಷಾರು ಕಣೇ!" ಅಂದಿನಿಂದ ಸೂಪರ್‌ವೈಸರ್ "ಟೀ ಕುಡಿದ್ಯಾ?" ಎಂದರೂ ಅವಳಿಗೆ ಅದರಲ್ಲೇನೋ ಮಸಲತ್ತು ಕಾಣುತ್ತಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ಎಲ್ಲವನ್ನೂ ಕಲಿಸಿದಳು, ಒಂದನ್ನು ಬಿಟ್ಟು. ಕೊನೆಯ ಬೋಲ್ಟ್ ಬಿಗಿದ ಮೇಲೆ ಅದನ್ನು ಚೂರು ಸಡಿಲಿಸಿ, ಪಂಪಿನೊಳಗೆ ತಿರುಗುವ ಶಾಫ್ಟನ್ನು ಕೈಯಲ್ಲೇ ತಿರುಗಿಸಿ, ಎಲ್ಲೂ ಹಿಡಿಯುತ್ತಿಲ್ಲವೆಂದು ಬೆರಳಿಗೆ ಗೊತ್ತಾದ ಮೇಲೇ ಮತ್ತೆ ಬಿಗಿಯಬೇಕು. ಅಷ್ಟು ಮಾಡುವಾಗ ಮಾತ್ರ ಪಂಪನ್ನು ಎತ್ತಿಕೊಂಡು, ಗೋಡೆ ಕಡೆ ತಿರುಗಿ, ಬೆನ್ನು ಅಡ್ಡ ಕೊಡುತ್ತಿದ್ದಳು. ಹೊಟ್ಟೆಪಾಡು ಸ್ವಾಮಿ, ಯಾರನ್ನು ನಂಬುವುದು!

ತಿಂಗಳು ಕಳೆಯಿತು. ಹುಡುಗಿಯರು ಜೋಡಿಸಿದ ಪಂಪುಗಳು ಪರೀಕ್ಷೆಗಿಟ್ಟ ಕೂಡಲೇ ಕಾದು ಕೆಂಡವಾಗಿ ನಿಂತುಬಿಟ್ಟವು. ಅವಳಿಗೆ ಒಳಗೊಳಗೇ ನೆಮ್ಮದಿ, ಹೊರಗೆ ಸಪ್ಪೆ ಮೋರೆ. ಸೂಪರ್‌ವೈಸರ್ ತಲೆ ಕೆರೆದುಕೊಳ್ಳುತ್ತಾ ಬಂದ.

"ನನ್ ಕಣ್ಣೆದುರಿಗೇ ಒಂದ್ಸಲ ಜೋಡಿಸ್ರಮ್ಮ. ಆಗಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡಿ."

ಹುಡುಗಿಯರು ಜೋಡಿಸಿದರು. ತೋರಿಸಿಕೊಟ್ಟದ್ದರಲ್ಲಿ ಒಂದೂ ತಪ್ಪಲಿಲ್ಲ. ಕೊನೆಯ ಬೋಲ್ಟ್ ಬಿಗಿದವರೇ ಆರೂ ಜನ ಪಂಪ್ ಎತ್ತಿಕೊಂಡು ಗೋಡೆ ಕಡೆ ತಿರುಗಿದರು. ಒಂದು ಗಳಿಗೆ ಸುಮ್ಮನೆ ನಿಂತು, ಮತ್ತೆ ಈ ಕಡೆ ತಿರುಗಿ ಮೇಜಿನ ಮೇಲಿಟ್ಟರು.

"ಇದ್ಯಾಕಮ್ಮ, ಗೋಡೆಗೆ ತೋರಿಸೋದು?"

"ಗೊತ್ತಿಲ್ಲ ಸಾರ್," ಎಂದಳು ಎಲ್ಲರೂ ಕುಳ್ಳಿ ಎಂದು ಕರೆಯುತ್ತಿದ್ದ ಹುಡುಗಿ. "ಅಕ್ಕ ಹಂಗೇ ಮಾಡ್ತಾರೆ. ಅಕ್ಕ ಮಾಡ್ತಾರೆ ಅಂದ್ಮೇಲೆ ಏನೋ ಕಾರಣ ಇರುತ್ತೆ ಅಂತ ನಾವೂ ಒಂದ್ ಸಲಾನೂ ತಪ್ಪಿಸಿಲ್ಲ."

ಸೂಪರ್‌ವೈಸರ್ ಆ ಅಕ್ಕನ ಕಡೆ ನೋಡಿದ. ಈ ಸಲ ನಗಲಿಲ್ಲ. ಅವಳಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನ್ನಿಸಿತು. ಹಾಗಂತ ಅನುಮಾನ ಹೋಯಿತೇ? ಎಲ್ಲಿ ಹೋಗುತ್ತದೆ! ಇವನು ನಾಳೆ ತನ್ನನ್ನು ಕಳಿಸಿದರೂ ಕಳಿಸಿಯಾನು.

ಸ್ಟೂಲನ್ನು ದರದರ ಎಳೆದುಕೊಂಡು ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಳು. "ಹತ್ರ ಬನ್ರೇ," ಎಂದು ಕುಳ್ಳಿಯ ಪಂಪನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಲ್ಲರಿಗೂ ಕಾಣುವ ಹಾಗೆ ನಿಧಾನವಾಗಿ ಸಡಿಲಿಸತೊಡಗಿದಳು.